ಲಿಗ್ನೈಟ್ ತೆಗೆಯಿರಿ, ಜೇಡಿಮಣ್ಣನ್ನು ನೋಡದೆ ಸುರಿಯಬೇಡಿ

ಕೇಂದ್ರದ ಕಲ್ಲಿದ್ದಲು ಮತ್ತು ಗಣಿ ಖಾತೆಗಳ ಮಾನ್ಯ ಸಚಿವರಿಗೆ,

ಗೌರವಪೂರ್ವಕ ವಂದನೆಗಳು.

ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್, ತಡಕೇಶ್ವರ ಗಣಿಗಳಲ್ಲಿ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ಸಿಗುವುದು ಕ್ಯಾಂಬೇ ಶೇಲ್ ಎಂಬ ಶಿಲಾಸ್ತರದಲ್ಲಿ. 5 ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಕರಾವಳಿಯ ಮಳೆಕಾಡಿತ್ತು. ಆ ಕಾಡಿನ ಗಿಡಮರಗಳೇ ಇಂದಿನ ಲಿಗ್ನೈಟ್. ಅವುಗಳಿಂದ ಒಸರಿ ಕಲ್ಲಿನಂತೆ ಗಟ್ಟಿಯಾದ ರಾಳವೇ ಅಂಬರ್. ನಮ್ಮ ಪಶ್ಚಿಮಘಟ್ಟದ ಸಾಲುಧೂಪದ ಮರ ಯಾವ ಕುಟುಂಬದ್ದೋ ಆ ರಾಳವೂ ಅದೇ ಕುಟುಂಬದ ಮರಗಳದ್ದೆಂದು ರಾಸಾಯನಿಕ ಪರೀಕ್ಷೆ ತೋರಿಸಿದೆ.

2010ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ಸುಮಾರು 150 ಕೆ.ಜಿ. ಅಂಬರಿನಲ್ಲಿ ಸುಮಾರು 700 ಕೀಟ, ಜೇಡಗಳು ಸಿಕ್ಕವು. ಏಷ್ಯಾಕ್ಕೆ ಸೇರುವ ಮೊದಲು ಭಾರತ ಬಹುಕಾಲ ಒಂಟಿ ದ್ವೀಪವಾಗಿತ್ತು ಎಂಬ ವಾದವಿದೆ. ಹಾಗಿದ್ದರೆ ಅವು ಬೇರೆಲ್ಲೂ ನಂಟಿಲ್ಲದ, ಇಲ್ಲಿಯವೇ ಆಗಿರಬೇಕಿತ್ತು. ಆದರೆ ಹಲವಕ್ಕೆ ಯುರೋಪ್, ಅಮೆರಿಕದ ಕೀಟಗಳ ನಂಟಿದೆ. ಕುದುರೆ, ಘೇಂಡಾಮೃಗಗಳ ಮೂಲಕ್ಕೆ ಹತ್ತಿರದ ಕ್ಯಾಂಬೇಥೀರಿಯಂ ಎಂಬ ಪ್ರಾಣಿಯ ಪಳೆಯುಳಿಕೆ ಸಿಕ್ಕಿದ್ದೂ ಇದೇ ಸ್ತರದಲ್ಲಿ.

ಇವೆಲ್ಲ ಹಾಳಾಗುವ ಬಗೆ ಹೀಗೆ. ಅಂಬರ್ ಲಿಗ್ನೈಟಿನ ಜೊತೆ ಬಾಯ್ಲರ್‌ಗೆ ಹೋಗುತ್ತದೆ. ಮೂಳೆ, ಹಲ್ಲು ಇರುವ ತೆಳು ಜೇಡಿ ಪದರ ಟಿಪ್ಪರ್ ಹತ್ತಿ ಗಣಿಯ ಕಸದ ಮಣ್ಣಿನ ರಾಶಿ ಸೇರುತ್ತದೆ. ಕೈಗೆ ಬಂದದ್ದೂ ಉಳಿಯುವುದಿಲ್ಲ: ಒದ್ದೆ ಜೇಡಿಯನ್ನು ಬಿಸಿಲಿಗಿಟ್ಟರೆ ಎಲೆಯ ಅಚ್ಚು ಬಿರುಕುಬಿಟ್ಟು ಉದುರುತ್ತದೆ. ಪೈರೈಟ್ (ಕಬ್ಬಿಣ, ಗಂಧಕದ ಖನಿಜ) ಇರುವ ತುಂಡು ತೇವದ ಗಾಳಿಗೆ ಆಮ್ಲ ಬಿಟ್ಟು ಬಿಳಿ ಪುಡಿಯಾಗುತ್ತದೆ. ಈ ಅಂಬರಂತೂ ದ್ರಾವಕದಲ್ಲಿ ಕರಗುತ್ತದೆ. ಕೀಟವನ್ನು ಇಡಿಯಾಗಿ ಹೊರತೆಗೆಯಲು ಪ್ರಯೋಗಾಲಯಕ್ಕೆ ಇದು ವರ, ಆದರೆ ಮೂಳೆ ಗಟ್ಟಿಗೊಳಿಸಲು ಬಳಿಯುವ, ಅಸಿಟೋನ್ ಎಂಬ ದ್ರಾವಕದಲ್ಲಿ ಕಲಸಿದ ಅಂಟು ಇದಕ್ಕೆ ತಾಗಬಾರದು.

ಗಣಿ ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಗಣಿ ಯೋಜನೆಗೆ ಒಪ್ಪಿಗೆ ಕೊಡುವಾಗ ಒಂದು ಷರತ್ತು ಸೇರಿಸಿ: ಗಣಿಯಲ್ಲಿ ಹೊಸ ಬೆಂಚ್ (ಅಗೆತದ ಮೆಟ್ಟಿಲು) ತೆರೆದಾಗಲೆಲ್ಲ ಪಳೆಯುಳಿಕೆ ಬಲ್ಲವರೊಬ್ಬರು ಜೇಡಿಯನ್ನು ನೋಡಬೇಕು, ಮೂಳೆ ಕಂಡ ಪದರವನ್ನು, ಎಷ್ಟು ಆಳದ್ದು, ಯಾವ ದಿನದ್ದು ಎಂಬ ಚೀಟಿಯೊಡನೆ ಬೇರೆ ರಾಶಿ ಹಾಕಬೇಕು. ಅದರಿಂದ ಮೊದಲು ಅಂಬರ್ ಆರಿಸಿ, ಉಳಿದದ್ದನ್ನು ಪೂರ್ತಿ ಒಣಗಿಸಿ, ಸೀಮೆಎಣ್ಣೆಯಲ್ಲಿ ನೆನೆಸಿ, ಎಣ್ಣೆ ಬಸಿದು ನೀರು ಹಾಕಿದರೆ ಜೇಡಿ ತಾನಾಗಿ ಕಳಚುತ್ತದೆ. ಅರ್ಧ ಮಿ.ಮೀ. ಜರಡಿಯಲ್ಲಿ ಸೋಸಿದರೆ ಸಾಸಿವೆ ಕಾಳಿನಷ್ಟಿರುವ ಹಲ್ಲೂ ಸಿಗುತ್ತದೆ. ಎಲೆಯ ಅಚ್ಚುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ನೆರಳಲ್ಲಿ ನಿಧಾನವಾಗಿ ಒಣಗಿಸಬೇಕು. ಪೈರೈಟ್ ಇದ್ದವಕ್ಕೆ ತೇವಾಂಶ ಶೇ. 50ಕ್ಕಿಂತ ಕಡಿಮೆ ಇರುವ ಒಂದು ಕೋಣೆ ಬೇಕು.

ಭೂಪರಂಪರೆ ತಾಣಗಳ, ಅಂದರೆ ಭೂವಿಜ್ಞಾನದ ದೃಷ್ಟಿಯಿಂದ ಮಹತ್ವದ ಜಾಗಗಳ ರಕ್ಷಣೆಗೆಂದು ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಕರಡು ಮಸೂದೆ ಪ್ರಕಟಿಸಿತ್ತು. ಕಾನೂನಿನ ದಾರಿ ಕಾಯದೆ ಈ ಷರತ್ತನ್ನು ಈಗಲೇ ಹಾಕಬಹುದು. ಲಿಗ್ನೈಟ್ ಮುಗಿದ ಗುಂಡಿಗೆ ಮಣ್ಣೋ ನೀರೋ ತುಂಬಿದ ಮೇಲೆ ಆ ಪದರವನ್ನು ಮತ್ತೆ ಮುಟ್ಟಲಾಗದು.

ಇಂತಿ,
ಪಳೆಯುಳಿಕೆ ಅಧ್ಯಯನದಲ್ಲಿ ತೊಡಗಿರುವ ಕನ್ನಡಿಗರು