ವಾಲ್ವ್ ಬಿಸಿಯಾಗುವವರೆಗೆ

ಪ್ರೀತಿಯ ಗೆಳೆಯ,

ಎಲ್‌ಎ-2ಎ ಕಂಪ್ರೆಸರ್ (ದನಿ ಜೋರಾದಾಗ ತಾನೇ ತಗ್ಗಿಸುವ ಯಂತ್ರ) ಕೈಗೆ ಸಿಕ್ಕಿತು ಅಂತ ಓದಿ ತುಂಬಾ ಖುಷಿಯಾಯಿತು. ಅದರಲ್ಲಿ ಮೊದಲು ಅಮ್ಮನ ದೇವರನಾಮವನ್ನೇ ರೆಕಾರ್ಡ್ ಮಾಡುತ್ತೇನೆ ಎಂದಿದ್ದೀಯಲ್ಲ, ಅದು ಇನ್ನೂ ಜಾಸ್ತಿ ಖುಷಿ. ಆದರೆ ಈಗಲೇ ಪ್ಲಗ್ ಹಾಕಬೇಡ. ಮೊದಲು ಇದನ್ನು ಓದಿಬಿಡು.

ನಿನ್ನ ತಮ್ಮ ಅಮೆರಿಕದಿಂದ ತಂದದ್ದು ಅಲ್ವಾ? ಹಾಗಾದರೆ ವೋಲ್ಟೇಜ್ ಎಷ್ಟಕ್ಕೆ ಇಟ್ಟಿದೆ ನೋಡು. 115 ಇದ್ದರೆ ನಮ್ಮ 230ಕ್ಕೆ ಬದಲಾಯಿಸಬೇಕು. ಫ್ಯೂಸೂ ಅದಕ್ಕೆ ತಕ್ಕದ್ದೇ ಇರಬೇಕು. ನಾನು ಒಂದು ಹಳೆಯ ವಾಲ್ವ್ (ಬಿಸಿಯಾಗಿ ಕೆಲಸ ಮಾಡುವ ಗಾಜಿನ ಕೊಳವೆ) ಪ್ರೀಆಂಪ್‌ನಲ್ಲಿ, ಅಂದರೆ ಮೈಕಿನ ಸಣ್ಣ ದನಿಯನ್ನು ದೊಡ್ಡದು ಮಾಡುವ ಸಾಧನದಲ್ಲಿ, ಇದನ್ನು ನೋಡದೆ ಸ್ವಿಚ್ ಹಾಕಿಬಿಟ್ಟಿದ್ದೆ. ಟಪ್ ಅಂತ ಸದ್ದು, ಹಿಂದೆಯೇ ಸುಟ್ಟ ವಾಸನೆ. ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಮುಚ್ಚಳವನ್ನಂತೂ ತೆಗೆಯಲೇಬೇಡ. ಆಫ್ ಮಾಡಿದ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಮೈಕನ್ನು ನೇರವಾಗಿ ಇದಕ್ಕೆ ಚುಚ್ಚಬಾರದು. ಮೈಕ್ ಪ್ರೀಆಂಪ್‌ಗೆ, ಪ್ರೀಆಂಪ್ ಇದಕ್ಕೆ, ಇದರಿಂದ ಇಂಟರ್‌ಫೇಸಿನ (ದನಿಯನ್ನು ಕಂಪ್ಯೂಟರಿಗೆ ಕಳಿಸುವ ಸಾಧನದ) ಲೈನ್ ಇನ್‌ಪುಟ್‌ಗೆ.

ಆನ್ ಮಾಡಿ ಅರ್ಧ ಗಂಟೆ ಸುಮ್ನೆ ಬಿಡು. ಒಳಗಿನ ನಾಲ್ಕು ವಾಲ್ವ್‌ಗಳೂ ಚೆನ್ನಾಗಿ ಬಿಸಿಯಾಗಲಿ. ಆಮೇಲೆ ಪೀಕ್ ರಿಡಕ್ಷನ್ (ದನಿಯನ್ನು ಎಷ್ಟು ತಗ್ಗಿಸಬೇಕೆಂದು ಹೇಳುವ ಗುಂಡಿ) ಪೂರ್ತಿ ಇಳಿಸಿ, ಮೀಟರನ್ನು ಗೇನ್ ರಿಡಕ್ಷನ್‌ಗೆ, ಅಂದರೆ ಎಷ್ಟು ತಗ್ಗಿತೆಂದು ತೋರಿಸುವ ಕಡೆಗೆ, ಇಡು. ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ, ಅದಕ್ಕೆಂದೇ ಇರುವ ಸ್ಕ್ರೂ ತಿರುಗಿಸಿ ಸರಿ ಮಾಡಿಕೋ.

ಇದರಲ್ಲಿ ಅಟ್ಯಾಕ್ (ದನಿಯನ್ನು ಹಿಡಿಯುವ ವೇಗ), ರಿಲೀಸ್ (ಬಿಡುವ ವೇಗ) ಗುಂಡಿಗಳು ಯಾಕಿಲ್ಲ ಅಂತ ಕೇಳಿದ್ದೆಯಲ್ಲ. ದನಿಯನ್ನು ತಗ್ಗಿಸುವುದು ವಾಲ್ವ್ ಅಲ್ಲ, ಬೆಳಕು! 1960ರ ದಶಕದಲ್ಲಿ ಜಿಮ್ ಲಾರೆನ್ಸ್ ಇದನ್ನು ರೂಪಿಸಿದಾಗ ಒಳಗೊಂದು ಪುಟ್ಟ ಡಬ್ಬಿ ಇಟ್ಟರು. ಅದರಲ್ಲಿ ಹೊಳೆಯುವ ಒಂದು ಪಟ್ಟಿ, ಎದುರಿಗೆ ಬೆಳಕು ಬಿದ್ದರೆ ಕರೆಂಟಿಗೆ ಒಡ್ಡುವ ತಡೆ ಬದಲಾಗುವ ರೆಸಿಸ್ಟರ್. ದನಿ ಏರಿದಷ್ಟೂ ಪಟ್ಟಿ ಹೊಳೆಯುತ್ತದೆ, ಹೊಳೆದಷ್ಟೂ ದನಿ ತಗ್ಗುತ್ತದೆ. ವೇಗವನ್ನೂ ಈ ಡಬ್ಬಿಯೇ ನಿರ್ಧರಿಸುತ್ತದೆ, ಅದಕ್ಕೇ ಗುಂಡಿಗಳಿಲ್ಲ. ಹಿಡಿಯಲು ಸುಮಾರು 10 ಮಿಲಿಸೆಕೆಂಡ್. ಬಿಡುವಾಗ ಅರ್ಧವನ್ನು 60 ಮಿಲಿಸೆಕೆಂಡಿನಲ್ಲಿ ಬಿಡುತ್ತದೆ, ಉಳಿದದ್ದಕ್ಕೆ 1ರಿಂದ 15 ಸೆಕೆಂಡ್ ತೆಗೆದುಕೊಳ್ಳುತ್ತದೆ. ಜೋರು ದನಿ ಹೆಚ್ಚು ಹೊತ್ತು ಇದ್ದರೆ ಬಿಡುವುದೂ ನಿಧಾನ. ಹಾಡುವವರ ದನಿಗೆ ಇದು ಇಷ್ಟು ಚೆನ್ನಾಗಿ ಒಗ್ಗುವುದು ಇದರಿಂದಲೇ ಅಂತ ನನ್ನ ನಂಬಿಕೆ.

ಕಂಪ್ರೆಸ್/ಲಿಮಿಟ್ ಸ್ವಿಚ್ಚು ಕಂಪ್ರೆಸ್‌ನಲ್ಲಿರಲಿ. ಅಮ್ಮ ಅನುಪಲ್ಲವಿಯಲ್ಲಿ ಮೇಲಿನ ಷಡ್ಜ ಹಿಡಿದು ನಿಲ್ಲುತ್ತಾರಲ್ಲ, ಆ ಸಾಲನ್ನೇ ಎರಡು ಮೂರು ಸಲ ಹಾಡಿಸು. ಪೀಕ್ ರಿಡಕ್ಷನ್ ಮೆಲ್ಲಗೆ ಏರಿಸುತ್ತಾ ಹೋಗು. ಷಡ್ಜಕ್ಕೆ ಬಂದಾಗ ಮುಳ್ಳು 3-4 ಡಿಬಿ (ಡೆಸಿಬೆಲ್, ದನಿಯ ಮಟ್ಟದ ಅಳತೆ) ಎಡಕ್ಕೆ ವಾಲಿದರೆ ಸಾಕು. ಮೆತ್ತಗೆ ಹಾಡುವ ಪಲ್ಲವಿಯಲ್ಲಿ ಅದು ಅಲ್ಲಾಡದಿದ್ದರೂ ಚಿಂತೆಯಿಲ್ಲ. ಕಡಿಮೆಯಾದ ಮಟ್ಟವನ್ನು ದನಿ ಏರಿಸುವ ಗೇನ್ ಗುಂಡಿಯಿಂದ ತುಂಬಿಕೋ. ಗೇನ್ ಎಷ್ಟು ತಿರುಗಿಸಿದರೂ ಕಂಪ್ರೆಷನ್ ಬದಲಾಗುವುದಿಲ್ಲ.

ಆಮೇಲೆ ಮೀಟರ್ ಬಿಡು, ಕಣ್ಣು ಮುಚ್ಚಿ ಕೇಳು. ಅಮ್ಮ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಶ್ರುತಿ ಪೆಟ್ಟಿಗೆಯ ದನಿ ಮೆಲ್ಲಗೆ ಉಬ್ಬಿ ಬಂದು, ಸಾಹಿತ್ಯ ಶುರುವಾದ ಕೂಡಲೇ ಕುಗ್ಗುತ್ತಿದೆಯಾ? ಹಾಗಿದ್ದರೆ ಕಂಪ್ರೆಷನ್ ಜಾಸ್ತಿಯಾಗಿದೆ. ಪೀಕ್ ರಿಡಕ್ಷನ್ ಇಳಿಸು, ಪೆಟ್ಟಿಗೆಯನ್ನು ಮೈಕಿನಿಂದ ದೂರ ಇಡು.

ಇನ್ನೊಂದು. ಪ್ರೀಆಂಪ್‌ನಿಂದ ನೇರವಾಗಿ ಬರುವ ದನಿಯನ್ನೂ ಬೇರೆ ಟ್ರ್ಯಾಕಿನಲ್ಲಿ ಹಿಡಿದಿಟ್ಟುಕೋ. ಒಮ್ಮೆ ಕಂಪ್ರೆಸ್ ಆಗಿ ರೆಕಾರ್ಡ್ ಆದದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಎರಡನ್ನೂ ನನಗೆ ಕಳಿಸು, ಒಂದೇ ಮಟ್ಟಕ್ಕೆ ತಂದು ಹೋಲಿಸಿ ಕೇಳೋಣ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ