ತೂತಿಲ್ಲದ ಬಿಟ್ ಕಳಿಸಿ ನನ್ನನ್ನೇ ಕಳ್ಳನ ಹಾಗೆ ವಿಚಾರಿಸಿದ್ದರ ಬಗ್ಗೆ ದೂರು

ಕುಂದುಕೊರತೆ ಅಧಿಕಾರಿಗಳಿಗೆ,

ನಮಸ್ಕಾರ. ಫೋನ್ ಮಾಡಿ ಮಾಡಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಆ್ಯಪ್‌ನಲ್ಲಿ ನಾನು ತರಿಸಿದ್ದು ಸೆಕ್ಯುರಿಟಿ ಟಾರ್ಕ್ಸ್ ಬಿಟ್ ಸೆಟ್, ಅಂದರೆ ನಡುವೆ ಪಿನ್ ಇರುವ ಸ್ಕ್ರೂ ಬಿಚ್ಚಲು ಸ್ಕ್ರೂಡ್ರೈವರ್‌ಗೆ ಸಿಕ್ಕಿಸುವ ತುದಿಗಳು. ಬಂದಿದ್ದು ಸಾದಾ ಸ್ಟಾರ್ ಬಿಟ್. ನೀವು ಹಾಕಿದ ಫೋಟೋದಲ್ಲಿ ಪ್ರತಿ ಬಿಟ್ಟಿನ ತುದಿಯಲ್ಲೂ ತೂತಿದೆ, ಡಬ್ಬಿಯಲ್ಲಿರುವ ಒಂದಕ್ಕೂ ಇಲ್ಲ.

ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಒಂದು ವಿಡಿಯೋ ಗೇಮ್ ಪಾರ್ಲರ್‌ನಿಂದ ಹಳೇ ಆರ್ಕೇಡ್ ಮಷೀನ್ ಕೊಂಡು ರಿಪೇರಿ ಮಾಡುತ್ತಿದ್ದೇನೆ. ಕಾಯಿನ್ ಬಾಗಿಲು, ಹಿಂದಿನ ಹಲಗೆ, ಎಲ್ಲಾ ಕಡೆ ಆರು ಮೂಲೆಯ ಸ್ಕ್ರೂ, ನಡುವೆ ಸಣ್ಣ ಪಿನ್. ಹುಡುಗರು ಕಾಯಿನ್ ಡಬ್ಬಿಗೆ ಕೈ ಹಾಕಬಾರದು ಅಂತ ಹಾಕಿದ್ದು. ಬಿಟ್ಟಿಗೆ ತೂತಿದ್ದರೆ ಆ ಪಿನ್ ಅದರೊಳಗೆ ಕೂರುತ್ತದೆ. ಇಲ್ಲದಿದ್ದರೆ ಬಿಟ್ ಪಿನ್ನಿನ ಮೇಲೇ ನಿಂತು ಸುಮ್ನೆ ಜಾರುತ್ತದೆ. ಅಂದರೆ ನೀವು ಕಳಿಸಿದ್ದು ಕೆಟ್ಟ ಮಾಲಲ್ಲ, ಬೇರೆಯೇ ಮಾಲು.

ಈಗ ನಿಮ್ಮ ಕಸ್ಟಮರ್ ಕೇರ್ ಕಥೆ. ಕಾಲ್ ರೆಕಾರ್ಡ್ ಆಗುತ್ತದೆ ಅಂತ ನೀವೇ ಹೇಳುತ್ತೀರಿ, ತೆಗೆದು ಕೇಳಿ. ಕೈಯೆಲ್ಲ ಗ್ರೀಸ್ ಅಂತ ಫೋನ್ ಸ್ಪೀಕರ್‌ಗೆ ಹಾಕಿದ್ದೆ. ಪಕ್ಕದಲ್ಲಿ ಪ್ಲೈವುಡ್ ಕೂಡಿಸಲು ಬಂದಿದ್ದ ಬಡಿಗೇರರು, ನಮ್ಮ ಮನೆಯವರು, ಎದುರುಮನೆ ಕಾಕಾ. "ಬಿಟ್ಟಿಗೆ ತೂತಿಲ್ಲ" ಅಂದೆ. "ತೂತಿದ್ದರೆ ಡ್ಯಾಮೇಜ್ ಸರ್, ಇಲ್ಲ ಅಂದ್ರೆ ಪ್ರಾಡಕ್ಟ್ ಸರಿಯಾಗಿದೆ" ಅಂದರು. ತೂತು ಇರಲೇಬೇಕು ರೀ ಅಂದರೆ, "ಹಾಗಾದ್ರೆ ತೂತಿನ ಫೋಟೋ ಅಪ್‌ಲೋಡ್ ಮಾಡಿ" ಅಂದರು. ಇಲ್ಲದ ತೂತಿನ ಫೋಟೋ! ಆಯ್ತು, ಬಟ್ಟೆಯಲ್ಲಿ ಕೈ ಒರೆಸಿಕೊಂಡು ಅದನ್ನೂ ತೆಗೆದು ಕಳಿಸಿದೆ. "ಫೋಟೋದಲ್ಲಿ ತೂತು ಕಾಣ್ತಿಲ್ಲ ಸರ್, ರಿಕ್ವೆಸ್ಟ್ ರಿಜೆಕ್ಟ್ ಆಗಿದೆ."

ಆಮೇಲೆ ಸೀನಿಯರ್ ಬಂದರು. "ಬಿಚ್ಚಬಾರದು ಅಂತಾನೇ ಹಾಕಿರೋ ಸ್ಕ್ರೂ ನೀವ್ಯಾಕೆ ಬಿಚ್ತಿದ್ದೀರಿ? ಮಷೀನ್ ನಿಮ್ಮದೇನಾ?" ಸ್ವಾಮಿ, ಆ ಸ್ಕ್ರೂ ಬಿಚ್ಚುವ ಬಿಟ್ ಮಾರೋರು ನೀವು! ಬಡಿಗೇರರು ಪಾಪ ತಲೆ ತಗ್ಗಿಸಿ ಅಳತೆ ತೆಗೆಯುತ್ತಾ ಕೂತರು. ಕಾಕಾ ಮಾತ್ರ ಈಗಲೂ ಓಣಿಯಲ್ಲಿ ಸಿಕ್ಕರೆ "ಏನೋ, ಮಷೀನ್ ನಿಂದ ಐತೇನು?" ಅಂತ ಕೇಳುತ್ತಾರೆ.

ಕೊನೆಗೆ ಬಂದ ಸಲಹೆ, ಸುತ್ತಿಗೆಯಿಂದ ಹೊಡೆದು ನೋಡಿ. ಆ ಹಲಗೆಯ ಹಿಂದೆ ಹಳೇ ಪಿಕ್ಚರ್ ಟ್ಯೂಬ್ ಇದೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಅದರ ಹಿಂಬದಿಯ ಸಣ್ಣ ಕುತ್ತಿಗೆಗೆ ಪೆಟ್ಟು ಬಿದ್ದರೆ ಟ್ಯೂಬೂ ಹೋಯ್ತು. ಇಷ್ಟು ಒಳ್ಳೇ ಸಲಹೆಗೆ ನೀವು ಜಾಸ್ತಿ ದುಡ್ಡು ಕೇಳಲಿಲ್ಲ, ಅದೇ ದೊಡ್ಡದು.

2020ರ ಇ-ಕಾಮರ್ಸ್ ನಿಯಮಗಳು ನಿಮಗೆ ಗೊತ್ತೇ ಇರುತ್ತವೆ, ಅಲ್ವಾ? ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ದೂರು ಬಂದರೆ 48 ಗಂಟೆಯೊಳಗೆ ಮುಟ್ಟಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಗಡಿಯಾರ ಈಗಿನಿಂದ ಶುರು.

ಮೊದಲು ದುಡ್ಡು ವಾಪಸ್ ಸಿಕ್ಕರೆ ಸಾಕಿತ್ತು. ಈಗ ಅಷ್ಟಕ್ಕೇ ಬಿಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ, 2019ರ ಕಾಯ್ದೆ ಪ್ರಕಾರ ನಾನಿರುವ ಕಡೆಯೇ ಕೇಸ್ ಹಾಕಬಹುದು. ನಿಮ್ಮ ವಕೀಲರು ಇಲ್ಲಿತನಕ ಬರಲಿ. ಆ ಡಬ್ಬಿಯನ್ನು ಸಾಕ್ಷಿಗೆ ಇಟ್ಟುಕೊಂಡಿದ್ದೇನೆ, ಈಗ ಪಿಕಪ್‌ಗೆ ಹುಡುಗನನ್ನು ಕಳಿಸಿದರೂ ಕೊಡುವುದಿಲ್ಲ.

ನಿಮ್ಮ ಹಳೇ ಗ್ರಾಹಕ,
ವಿದ್ಯಾನಗರ, ಹುಬ್ಬಳ್ಳಿ