ಸಹಿಗೆ ಮುನ್ನ ಉಳಿದ ಪುಟಗಳನ್ನೂ ನೋಡಿ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಕರಾರು ಪತ್ರದ ಮೊದಲ ಪುಟದ ಫೋಟೋ ಮಾತ್ರ ಹಾಕಿ "ಸಹಿ ಮಾಡಬಹುದಾ?" ಎಂದು ಕೇಳಬೇಡಿ. ಮೊತ್ತ, ಅವಧಿ ಅಲ್ಲಿರುತ್ತವೆ, ನಿಜ. ತೊಡಕಿರುವುದು ನಂತರದ ಪುಟಗಳಲ್ಲಿ.

ಮುಖ್ಯವಾಗಿ ನವೀಕರಣದ ಷರತ್ತು ಹುಡುಕಿ. ಅವಧಿ ಮುಗಿಯುವ ಇಂತಿಷ್ಟು ದಿನ ಮೊದಲೇ ಲಿಖಿತವಾಗಿ ಬೇಡವೆನ್ನದಿದ್ದರೆ ಕರಾರು ತಾನಾಗಿ ಮುಂದುವರಿಯುತ್ತದೆ ಎಂದಿರಬಹುದು. "ಷರತ್ತುಗಳನ್ನು ಬದಲಿಸುವ ಹಕ್ಕು ನಮಗಿದೆ" ಎಂಬ ಸಾಲಿದ್ದರಂತೂ ಇವತ್ತು ಓದಿದ್ದು ನಾಳೆಗೂ ಹಾಗೇ ಇರುತ್ತದೆಂಬ ಭರವಸೆಯಿಲ್ಲ. ವ್ಯಾಜ್ಯ ಬಂದರೆ ಅದು ಎಲ್ಲಿ, ಯಾರ ಮುಂದೆ ತೀರ್ಮಾನವಾಗಬೇಕು ಎಂಬುದನ್ನೂ ನೋಡಿ. "ಅನುಬಂಧದಂತೆ" ಎಂದಿದ್ದರೆ ಆ ಅನುಬಂಧವನ್ನು ಕೇಳಿ ಪಡೆಯಿರಿ.

ಓದದಿರುವುದು ಬರೀ ಸೋಮಾರಿತನ ಅಂತ ನನಗನ್ನಿಸುವುದಿಲ್ಲ. ಕಾಗದ ಕೈಗೆ ಬರುವ ಹೊತ್ತಿಗೆ ಮನಸ್ಸು ಒಪ್ಪಿಬಿಟ್ಟಿರುತ್ತದೆ. ಎದುರಿಗಿರುವವರು ಕಾಯುತ್ತಿರುತ್ತಾರೆ, ಪ್ರಶ್ನೆ ಕೇಳಿದರೆ ಅಪನಂಬಿಕೆ ತೋರಿಸಿದಂತೆ ಆದೀತೆಂಬ ಸಂಕೋಚ ಬೇರೆ. ಮೊಬೈಲಿನಲ್ಲಿ ಷರತ್ತುಗಳಿಗೆ ಒಪ್ಪಿಗೆ ಒತ್ತುವಾಗ ಆ ಸಂಕೋಚವೂ ಇಲ್ಲ, ಆದರೂ ಓದುವುದಿಲ್ಲ! 2017ರಲ್ಲಿ ಬ್ರಿಟನ್ನಿನ ಪರ್ಪಲ್ ಎಂಬ ವೈಫೈ ಕಂಪನಿ, ಶೌಚಾಲಯ ತೊಳೆಯುವುದೂ ಸೇರಿದಂತೆ 1,000 ಗಂಟೆ ಸಮಾಜಸೇವೆಯ ಷರತ್ತನ್ನು ತನ್ನ ವೈಫೈ ಬಳಕೆಯ ನಿಯಮಗಳಲ್ಲಿ ತಮಾಷೆಗೆ ಸೇರಿಸಿತ್ತು. 22,000ಕ್ಕೂ ಹೆಚ್ಚು ಜನ ಒಪ್ಪಿಗೆ ಒತ್ತಿದರು.

ಕರಡು ಪ್ರತಿಯನ್ನು ಮುಂಚಿತವಾಗಿ ಕೇಳಿ ಪಡೆಯಿರಿ. ಇಲ್ಲಿ ಹಾಕುವಾಗ ಎಲ್ಲ ಪುಟಗಳನ್ನೂ ಹಾಕಿ. ಹೆಸರು, ಖಾತೆ ಸಂಖ್ಯೆ ಮರೆಮಾಡಿರಿ.